ತೆಂಗು ನೆಟ್ಟವರ ಕಡೆಯವಳಾಗಿ ವಾಗೆನಿಂಗನ್‌ನಲ್ಲಿ

ವಾಗೆನಿಂಗನ್, ಮೊದಲ ವಾರ

ನವೆಂಬರಿನಲ್ಲಿ ನೆದರ್ಲೆಂಡ್ಸಿಗೆ ಹೋದವರಿಗೆ ಟ್ಯೂಲಿಪ್ ಸಿಗುವುದಿಲ್ಲ, ಸೂರ್ಯನೂ ಅಪರೂಪ. ರೈಲಿನ ಕಿಟಕಿಯಿಂದ ಒಂದು ಗಾಳಿಗಿರಣಿ ಕಂಡಿತಾದರೂ ಅದು ತಿರುಗುತ್ತಿರಲಿಲ್ಲ. ಅಂಥವುಗಳ ವರ್ಣನೆ ಬೇಕಾದವರು ಬೇರೆಯವರು ಬರೆದದ್ದನ್ನು ಓದಿಕೊಳ್ಳಬೇಕು. ಐದು ವಾರ ಇದ್ದು ನಾನು ಸರಿಯಾಗಿ ನೋಡಿದ್ದು ಒಂದು ಅಡುಗೆಮನೆ, ಒಂದು ಗಾಜಿನ ಮನೆ, ಒಂದು ಸಭಾಂಗಣ. ಆದರೂ ಇಷ್ಟು ಎದೆಯುಬ್ಬಿಸಿಕೊಂಡು ನಾನು ಯಾವ ಊರಿನಿಂದಲೂ ಹಿಂತಿರುಗಿದ್ದಿಲ್ಲ.

ನನ್ನನ್ನು ಕರೆಸಿಕೊಂಡವಳು ತಂಗಿಯ ಮಗಳು ಪ್ರತಿಮಾ. ಬೀಜ ಪರೀಕ್ಷೆ ಮಾಡುವ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಕೆಲಸ. ವಾಗೆನಿಂಗನ್ ಎಂಬುದು ಕೃಷಿ ವಿಶ್ವವಿದ್ಯಾಲಯವನ್ನು ನಂಬಿಕೊಂಡಿರುವ ಪುಟ್ಟ ಊರು. ಬಸ್ಸಿನಲ್ಲಿ ಪಕ್ಕ ಕುಳಿತವರು ಎರೆಹುಳದ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಾರೆ. ನಾನು ಉಡುಪಿಯ ಹತ್ತಿರದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಪಾಠ ಮಾಡುವ ಚಟ ಇನ್ನೂ ಬಿಟ್ಟಿಲ್ಲ.

ಅಲ್ಲಿ ಬಸ್ಸು ಹತ್ತುವಾಗ ಯಂತ್ರಕ್ಕೆ ಕಾರ್ಡು ತೋರಿಸಬೇಕು, ಇಳಿಯುವಾಗಲೂ ತೋರಿಸಬೇಕು. ಇಳಿಯುವಾಗ ತೋರಿಸದವಳು ಯಂತ್ರದ ಪ್ರಕಾರ ಇನ್ನೂ ಬಸ್ಸಿನಲ್ಲೇ ಕುಳಿತಿರುತ್ತಾಳೆ. ಮೊದಲ ದಿನ ನಾನು ಮನೆಗೆ ಬಂದು ಚಹಾ ಕುಡಿದು ಮಲಗಿದರೂ ಲೆಕ್ಕದಲ್ಲಿ ಪಕ್ಕದ ಪಟ್ಟಣ ಆರ್ನೆಮ್ ಕಡೆಗೆ ಹೋಗುತ್ತಲೇ ಇದ್ದೆ. ನಮ್ಮೂರಿನ ಕಂಡಕ್ಟರ್ ಆಗಿದ್ದರೆ ನನ್ನ ಮುಖ ನೋಡಿಯೇ "ಟೀಚರ್ ಇಳೀಲಿಕ್ಕುಂಟು" ಎಂದು ಸೀಟಿ ಊದುತ್ತಿದ್ದ.

ನಾನು ಊರಿನಿಂದ ಒಯ್ದ ವಸ್ತುಗಳಲ್ಲಿ ಮುಖ್ಯವಾದದ್ದು ತುರಿಮಣೆ. ಪ್ರತಿಮಾ ಮಿಕ್ಸಿಯಲ್ಲಿ ತೆಂಗಿನಕಾಯಿ ತಿರುವಿ ಸಾರು ಮಾಡುವುದು ನನಗೆ ಸಹಿಸದು. ಪಕ್ಕದ ಮನೆಯ ಡಚ್ ಅಜ್ಜಿ ಮಣೆಯನ್ನು ಸುತ್ತಲೂ ನೋಡಿ, ಇದು ಮಕ್ಕಳ ಆಟದ ಕುದುರೆಯೇ ಎಂದು ಕೇಳಿದರು. ಆದರೆ ಪ್ರತಿಮಾಳ ಜೊತೆ ಅದೇ ಮನೆಯ ಇನ್ನೊಂದು ಕೋಣೆಯಲ್ಲಿದ್ದ ಫಿಲಿಪ್ಪೀನ್ಸಿನ ಹುಡುಗಿ ಲಿಗಾಯಾ ಯಾರನ್ನೂ ಏನನ್ನೂ ಕೇಳಲಿಲ್ಲ. ಸಂಜೆ ಬಂದವಳೇ ಮಣೆಯ ಮೇಲೆ ಕಾಲು ಮಡಚಿ ಕುಳಿತು, ಒಂದು ಹೋಳು ಕಾಯಿಯನ್ನು ಕರಟದ ಚೂರೂ ಬೀಳದ ಹಾಗೆ ಚಕಚಕ ತುರಿದು ಮುಗಿಸಿದಳು. ಅವರಲ್ಲೂ ಇಂಥದ್ದೇ ಇದೆಯಂತೆ. ಆ ಗಳಿಗೆಯಿಂದ ಅವಳು ನನ್ನವಳಾದಳು.

ಅವಳು ನನ್ನನ್ನು ತೀತಾ ಎಂದು ಕರೆದಳು. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ ಎಲ್ಲರಿಗೂ ಅವರಲ್ಲಿ ಇದೊಂದೇ ಮಾತು. ಅದೂ ಸ್ಪೇನಿನವರು ಬಿಟ್ಟುಹೋದದ್ದು ಎಂದಳು. ಮುನ್ನೂರಕ್ಕೂ ಹೆಚ್ಚು ವರ್ಷ ಆಳಿದವರು ಹೋದ ಮೇಲೂ ಕಿಟಕಿ, ಚಮಚ, ಚಪ್ಪಲಿಗಳ ಹೆಸರಿನಲ್ಲಿ ಮನೆಯೊಳಗೇ ಉಳಿದಿದ್ದಾರೆ. ನಾನು ನಮ್ಮ ಚಾವಿ, ಬಟಾಟೆ, ಇಸ್ತ್ರಿಗಳು ಪೋರ್ಚುಗೀಸರಿಂದ ಬಂದ ಕಥೆ ಹೇಳಿದೆ. ಇಬ್ಬರೂ ಕಾಯಿ ತುರಿಯುತ್ತಾ ಯುರೋಪಿನವರನ್ನು ಬೈದೆವು, ಯುರೋಪಿನಲ್ಲೇ ಕುಳಿತು.

"ನಿಮ್ಮ ಅಪ್ಪ ಏನು ಮಾಡ್ತಿದ್ರು ತೀತಾ?" ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

"ಕೃಷಿ" ಎಂದೆ.

"ನನ್ನ ಅಪ್ಪ ತೆಂಗಿನ ಮರದಿಂದ ಕಳ್ಳು ಇಳಿಸ್ತಾರೆ. ಈಗಲೂ."

ನಮ್ಮಲ್ಲಿ ಅಪ್ಪ ತಹಶೀಲ್ದಾರ್ ಎನ್ನುವವರು ಹೇಳುವ ಹಾಗೆ ಅವಳು ಅದನ್ನು ಹೇಳಿದಳು. ನಾನು ತಲೆ ಬಗ್ಗಿಸಿ ಉಳಿದ ಹೋಳನ್ನು ತುರಿಯತೊಡಗಿದೆ. ಏಕೆಂದರೆ ನನ್ನ ಅಪ್ಪನೂ ಕಳ್ಳು ಇಳಿಸುತ್ತಿದ್ದವರು. ನಮ್ಮ ಕಡೆಯ ಮಾತಿನಲ್ಲಿ ಮೂರ್ತೆ ಕೆಲಸ. ಆರನೆಯ ತರಗತಿಯಲ್ಲಿ ಒಬ್ಬ ಮೇಷ್ಟ್ರು, ನನ್ನ ಪುಸ್ತಕಕ್ಕೂ ಕಳ್ಳಿನ ವಾಸನೆ ಹೊಡೆಯುತ್ತದೆ ಎಂದು ಎಲ್ಲರ ಎದುರು ಮೂಗು ಮುಚ್ಚಿಕೊಂಡಿದ್ದರು. ಅವತ್ತಿನಿಂದ ಅಪ್ಪನ ಕೆಲಸದ ಜಾಗದಲ್ಲಿ ಕೃಷಿ ಎಂದು ಬರೆಯುತ್ತಾ ಬಂದೆ. ಪ್ರತಿಮಾ ಹುಟ್ಟುವ ಮೊದಲೇ ಅಪ್ಪ ತೀರಿಕೊಂಡರು. ಅಜ್ಜ ತೋಟ ನೋಡಿಕೊಳ್ಳುತ್ತಿದ್ದರು ಎಂದಷ್ಟೇ ನಾವು ಅಕ್ಕತಂಗಿಯರು ಅವಳಿಗೆ ಹೇಳಿದ್ದು.

ಸಂತ ಬಂದ ಶನಿವಾರ

ನವೆಂಬರಿನ ನಡುವೆ ಡಚ್ಚರ ಮಕ್ಕಳಿಗೆ ಒಂದು ದೊಡ್ಡ ದಿನವಿದೆ. ಉದ್ದ ಗಡ್ಡ, ಕೆಂಪು ನಿಲುವಂಗಿಯ ಸಂತ ನಿಕೋಲಾಸ್ ಉಡುಗೊರೆ ಹೊತ್ತು ದೋಣಿಯಲ್ಲಿ ಬಂದಿಳಿಯುತ್ತಾನೆ. ಎಲ್ಲಿಂದ ಎಂದರೆ ಸ್ಪೇನಿನಿಂದ. ನನಗೆ ನಗು ತಡೆಯಲಾಗಲಿಲ್ಲ. ಇದೇ ಡಚ್ಚರು ಇದೇ ಸ್ಪೇನಿನ ರಾಜನ ವಿರುದ್ಧ ಎಂಬತ್ತು ವರ್ಷ ಯುದ್ಧ ಮಾಡಿದ್ದನ್ನು ನಾನು ಮಕ್ಕಳಿಗೆ ಕಲಿಸಿದವಳು. ಈಗ ನೋಡಿದರೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಚಳಿಯಲ್ಲಿ ನಿಂತು ಸ್ಪೇನಿನ ದೋಣಿಗೆ ಕೈ ಬೀಸುತ್ತಿದ್ದಾರೆ. ಹಾಗೆಂದು ಇವರೇನೂ ಪಾಪದವರಲ್ಲ. ತಮ್ಮ ಕುತ್ತಿಗೆಯ ಹಗ್ಗ ಬಿಚ್ಚಿಕೊಳ್ಳುತ್ತಲೇ ಹೋಗಿ ಜಾವಾದವರ ಕುತ್ತಿಗೆಗೆ ಹಾಕಿದವರು.

"ನಮಗೂ ಸ್ಪೇನಿನಿಂದ ಉದ್ದ ನಿಲುವಂಗಿಯವರು ಬಂದರು" ಎಂದಳು ಲಿಗಾಯಾ, ಕೈಯಲ್ಲಿದ್ದ ಪುಟ್ಟ ಮಸಾಲೆ ಬಿಸ್ಕತ್ತು ಕಡಿಯುತ್ತಾ. "ಉಡುಗೊರೆ ತರಲಿಲ್ಲ. ಪಟ್ಟಿ ತಂದರು."

ಆ ಪಟ್ಟಿಗಳ ಕಥೆಯನ್ನು ಅವಳು ಕಾಲುವೆಯ ದಂಡೆಯ ಮೇಲೆ ನಡೆಯುತ್ತಾ ಹೇಳಿದಳು. ತೆರಿಗೆ ಸುಲಭವಾಗಲಿ ಎಂದು ಜನರಿಗೆ ಅಡ್ಡಹೆಸರು ಹಂಚಿದರಂತೆ. ಹೆಸರುಗಳ ಪುಸ್ತಕದಿಂದ ಹಾಳೆ ಕಿತ್ತು ಒಂದೊಂದು ಊರಿಗೆ ಕೊಟ್ಟದ್ದರಿಂದ ಇವತ್ತಿಗೂ ಕೆಲವು ಊರುಗಳಲ್ಲಿ ಎಲ್ಲರ ಮನೆತನದ ಹೆಸರೂ ಒಂದೇ ಅಕ್ಷರದಿಂದ ಶುರುವಾಗುತ್ತದೆ. ಇನ್ನೊಂದು ಪಟ್ಟಿ ಬಿಟ್ಟಿ ಕೆಲಸದ್ದು. ಗಂಡಸರು ವರ್ಷಕ್ಕೆ ಇಷ್ಟು ದಿನ ಕಾಡಿಗೆ ಹೋಗಿ ಹಡಗಿಗೆ ಮರ ಕಡಿದು ಎಳೆದು ತರಬೇಕು. ಚೀನಾದ ರೇಷ್ಮೆಯನ್ನು ಮನಿಲಾದಲ್ಲಿ ತುಂಬಿಕೊಂಡು ಮೆಕ್ಸಿಕೋಗೆ ಹೋಗಿ, ಬೆಳ್ಳಿ ತುಂಬಿಕೊಂಡು ಬರುವ ದೊಡ್ಡ ಹಡಗುಗಳು. ರೇಷ್ಮೆಯೂ ಬೆಳ್ಳಿಯೂ ಅವರ ಕಣ್ಣೆದುರು ಹಾದುಹೋದವೇ ಹೊರತು ಅವರ ಮನೆಗೆ ಬರಲಿಲ್ಲ. ಮೂರನೆಯದು ತೆಂಗಿನ ಪಟ್ಟಿ. ಹಡಗಿನ ಹಗ್ಗಕ್ಕೆ, ಹಲಗೆಗಳ ಸಂದು ಮುಚ್ಚಲು ನಾರು ಬೇಕಿತ್ತು. ಪ್ರತಿಯೊಬ್ಬನೂ ಇಷ್ಟು ತೆಂಗು ನೆಡಲೇಬೇಕು ಎಂದು ಆಜ್ಞೆಯಾಯಿತು.

"ನೆಟ್ಟ ಮರ ಯಾರದ್ದಾಯ್ತು?" ಎಂದು ಕೇಳಿದೆ.

"ಮೊದಲು ನೆಲ ಪಾದ್ರಿಗಳದ್ದಾಯ್ತು. ಆಮೇಲೆ ಕೆಲವು ದೊಡ್ಡ ಮನೆತನಗಳದ್ದು. ಈಗಲೂ ಹಾಗೇ ಇದೆ. ಅಪ್ಪ ಹತ್ತುವ ಒಂದು ಮರವೂ ಅಪ್ಪನದಲ್ಲ. ಇಳಿಸಿದ್ದರಲ್ಲಿ ತೋಟದವರಿಗೆ ಪಾಲು."

ಇಲ್ಲಿ ಮಾತ್ರ ನನಗೆ ತಡೆಯಲಾಗಲಿಲ್ಲ. ನಮ್ಮಲ್ಲೂ ಗೇಣಿ ಎಂದು ಇದೇ ಕಥೆ ಇತ್ತು, ಆದರೆ ನಾವು ಕಾನೂನು ಮಾಡಿ ಉಳುವವನಿಗೇ ನೆಲ ಕೊಟ್ಟೆವು ಎಂದು ಕಾಲುವೆಯ ಬಾತುಕೋಳಿಗಳಿಗೂ ಕೇಳಿಸುವ ಹಾಗೆ ಪಾಠ ಮಾಡಿದೆ. ನಮಗೂ ಆಗ ಒಂದು ತುಂಡು ಹಿತ್ತಲು ನಮ್ಮದೇ ಎಂದಾಯಿತು. ಕರ್ನಾಟಕದವಳೆಂದು ನಾನು ಅಷ್ಟು ಹೆಮ್ಮೆಪಟ್ಟದ್ದು ಊರಿನಲ್ಲಿದ್ದಾಗಲೂ ಇಲ್ಲ. ಆ ಹಿತ್ತಲಿನಲ್ಲಿ ಅಪ್ಪ ಏನು ಮಾಡುತ್ತಿದ್ದರು ಎಂಬುದನ್ನು ಮಾತ್ರ ಅವತ್ತೂ ಹೇಳಲಿಲ್ಲ.

ಗಾಜಿನ ಮನೆ

ಲಿಗಾಯಾ ತೆಂಗಿನ ಕಳ್ಳಿನ ಮೇಲೆಯೇ ಡಾಕ್ಟರೇಟ್ ಮಾಡುತ್ತಿದ್ದಳು. ಮರಕ್ಕೆ ನೋವಾಗದಂತೆ ಹೆಚ್ಚು ದಿನ ಸಿಹಿ ನೀರು ಇಳಿಸಿ ಬೆಲ್ಲ ಮಾಡುವುದು ಹೇಗೆ ಎಂಬ ವಿಷಯ. ಒಂದು ಮಧ್ಯಾಹ್ನ ತನ್ನ ವಿಭಾಗದ ಗಾಜಿನ ಮನೆಗೆ ಕರೆದುಕೊಂಡು ಹೋದಳು. ಹೊರಗೆ ಕಿವಿ ಉದುರುವಂಥ ಚಳಿ. ಒಳಗೆ ಕಾಲಿಟ್ಟರೆ ಮೇ ತಿಂಗಳ ಮಲ್ಪೆ. ಕನ್ನಡಕ ಮಂಜಾಗಿ ನನಗೆ ಏನೂ ಕಾಣಲಿಲ್ಲ. ಒರೆಸಿ ಹಾಕಿಕೊಂಡಾಗ ಎದುರಿಗೆ ಒಂದು ತೆಂಗಿನ ಮರ ಛಾವಣಿಗೆ ತಲೆ ತಾಗಿಸಿಕೊಂಡು ನಿಂತಿತ್ತು. ಬುಡದಲ್ಲಿ ನಂಬರು ಬರೆದ ಚೀಟಿ. ಕೈ ಮುಗಿಯಬೇಕೆನಿಸಿತು. ಅಕ್ಕಪಕ್ಕ ಡಚ್ಚರಿದ್ದುದರಿಂದ ಸುಮ್ಮನೆ ಮುಟ್ಟಿ ನೋಡಿದೆ.

ಅವಳು ಏಣಿ ಹತ್ತಿ ಬಿರಿಯದ ಹೊಂಬಾಳೆಯೊಂದನ್ನು ತೋರಿಸಿದಳು. ಅವಳ ಪ್ರಬಂಧದ ನಾಲ್ಕನೆಯ ಅಧ್ಯಾಯ ಪೂರ್ತಿ ಇದರ ಬಗ್ಗೆ. ಹೊಂಬಾಳೆಯನ್ನು ಬಗ್ಗಿಸಿ ತುದಿ ಕತ್ತರಿಸುವ ಮುಂಚೆ ಅವಳ ಅಪ್ಪ ಸುಮಾರು ಒಂದು ವಾರ, ಬೆಳಿಗ್ಗೆ ಸಂಜೆ, ಅದನ್ನು ನಯವಾಗಿ ತಟ್ಟುತ್ತಾರೆ. ಅವಸರ ಮಾಡಿದರೆ ನೀರು ಇಳಿಯುವುದಿಲ್ಲ ಎನ್ನುತ್ತಾರೆ. ಅವಳು ಊರಿಗೆ ಹೋಗಿ ಅಪ್ಪ ಹತ್ತುವ ಮರಗಳಲ್ಲೇ ಅಳತೆ ಮಾಡಿ ಅದು ನಿಜವೆಂದು ಕಂಡಿದ್ದಳು. ಆದರೆ ಅದಕ್ಕೆ ಯಾವ ಪುಸ್ತಕದ ಆಧಾರವೂ ಇರಲಿಲ್ಲವಾದ್ದರಿಂದ ಆಧಾರವೆಂದು ಅಪ್ಪನ ಹೆಸರನ್ನೇ ಬರೆದಿದ್ದಳು. ಹೆಸರನ್ನು ಅಲ್ಲಿಂದ ತೆಗೆದು ಕೃತಜ್ಞತೆಯ ಪುಟಕ್ಕೆ ಹಾಕು ಎಂದು ಬಲ್ಲವರು ಹೇಳಿದರೂ ಇವಳು ಒಪ್ಪಲಿಲ್ಲ.

"ಪರೀಕ್ಷಕರೊಬ್ಬರು ವರದಿಯಲ್ಲಿ ಬರೆದಿದ್ದಾರೆ ತೀತಾ. ಇದು ವಿಧಾನವೋ, ಒಬ್ಬ ಮುದುಕನ ಅಭ್ಯಾಸವೋ ಎಂದು."

"ಬರೀಲಿ. ಡಿಗ್ರಿ ಹೇಗೂ ಸಿಗ್ತದೆ ಅಂತ ಪ್ರತಿಮಾ ಹೇಳ್ತಾಳೆ."

"ಡಿಗ್ರಿ ಸಿಗ್ತದೆ. ಆದರೆ ಅವತ್ತು ಅಪ್ಪ ನೋಡ್ತಿರ್ತಾರೆ, ಫೋನಿನಲ್ಲಿ. ಊರಿನವರೆಲ್ಲ ಕೂತಿರ್ತಾರೆ. ಅವರೆದುರು ಅಪ್ಪನ ಮಾತು ಮೂಢನಂಬಿಕೆ ಅಂತ ಆಗಬಾರದು. ನನಗೆ ಅಷ್ಟೇ ಬೇಕು."

ಮರದ ಸಣ್ಣ ತುಂಡಿನಿಂದ ಅವಳು ತಟ್ಟಿ ತೋರಿಸಿದಳು. ನನ್ನ ಬಲಗೈಯೂ ತಾನಾಗಿ ಅದೇ ಲಯಕ್ಕೆ ತಟ್ಟಿತು. ಅಪ್ಪ ಎಲುಬಿನ ತುಂಡಿನಿಂದ ತಟ್ಟುತ್ತಿದ್ದ ಸದ್ದು ಹಾಗೆಯೇ ಇತ್ತು, ಅಷ್ಟೇ ಹಗುರ, ಅಷ್ಟೇ ನಿಧಾನ. ನನಗೆ ಗೊತ್ತು ಮಗಾ ಎಂದು ಅಲ್ಲಿಯೇ ಹೇಳಬಹುದಿತ್ತು. ಅರವತ್ತೊಂದು ವರ್ಷದವಳು, ಯಾರ ಹಂಗೂ ಇಲ್ಲದವಳು, ಆದರೂ ಸೆಕೆಯಾಗುತ್ತದೆ ಎಂದು ಹೊರಗೆ ಬಂದುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಮುದ್ರದಿಂದ ಬಂದ ಫೋನು

ಡಚ್ಚರಲ್ಲಿ ಡಾಕ್ಟರೇಟ್ ಪರೀಕ್ಷೆಯೆಂದರೆ ಒಂದು ಮದುವೆಯಷ್ಟು ಶಾಸ್ತ್ರ. ಅಭ್ಯರ್ಥಿಯ ಎಡಬಲಕ್ಕೆ ಇಬ್ಬರು ಜೊತೆಗಾರರು ಇರಬೇಕು. ಪ್ಯಾರಾನಿಂಫ್ ಎಂದು ಅವರ ಹೆಸರು. ಮದುಮಗಳ ಪಕ್ಕದಲ್ಲಿ ನಿಲ್ಲುವವರಿದ್ದಾರಲ್ಲ, ಹಾಗೆ. ಮಾಡುವ ಕೆಲಸ ಹೆಚ್ಚೇನಿಲ್ಲ. ಪ್ರಬಂಧದ ಜೊತೆಗೆ ಅಭ್ಯರ್ಥಿ ಒಂದು ಹಾಳೆಯಲ್ಲಿ ಒಂದೆರಡು ಸಾಲಿನ ಹತ್ತರಷ್ಟು ಸ್ವಂತ ವಾದಗಳನ್ನು ಅಚ್ಚು ಹಾಕಿಸಬೇಕು, ಲೋಕದ ಯಾವ ವಿಷಯದ ಮೇಲಾದರೂ ಸರಿ. ಪರೀಕ್ಷಕರು ಅವುಗಳಲ್ಲಿ ಒಂದನ್ನು ಆರಿಸಿದರೆ ಪ್ಯಾರಾನಿಂಫ್ ಎದ್ದು ಅದನ್ನು ಗಟ್ಟಿಯಾಗಿ ಓದಬೇಕು.

ಒಂದು ಕಡೆಗೆ ಪ್ರತಿಮಾ. ಇನ್ನೊಂದು ಕಡೆಗೆ ಲಿಗಾಯಾಳ ಅಣ್ಣ. ಅವನು ಹಡಗಿನಲ್ಲಿ ಕೆಲಸ ಮಾಡುವವನು. ಅವನ ಹಡಗು ಸರಿಯಾಗಿ ಅದೇ ವಾರ ರೋಟರ್‌ಡ್ಯಾಮಿಗೆ ಬರುವುದಿತ್ತು. ಆದರೆ ಹಿಂದಿನ ದಿನ ಸಂಜೆ ಫೋನು ಬಂತು. ಬಿರುಗಾಳಿಗೆ ಹಡಗುಗಳನ್ನೆಲ್ಲ ಬಂದರಿನ ಹೊರಗೇ ನಿಲ್ಲಿಸಿದ್ದಾರೆ, ಎರಡು ದಿನ ಒಳಗೆ ಬಿಡುವುದಿಲ್ಲ. ದಡದ ದೀಪ ಕಾಣುತ್ತಿದೆ, ಇಳಿಯುವಂತಿಲ್ಲ. ಲಿಗಾಯಾ ಫೋನಿಟ್ಟಳು. "ಸ್ಪೇನಿನವರ ಕಾಲದಿಂದ ನಮ್ಮ ಗಂಡಸರು ಬೇರೆಯವರ ಹಡಗು ನಡೆಸ್ತಿದ್ದಾರೆ. ಯಾವಾಗ ಬರಬೇಕು ಅನ್ನೋದು ಮಾತ್ರ ಯಾವತ್ತೂ ಅವರ ಕೈಯಲ್ಲಿಲ್ಲ" ಎಂದಳು.

ಆಮೇಲೆ ಇಬ್ಬರು ಹುಡುಗಿಯರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

"ನನ್ನಿಂದ ಆಗುದಿಲ್ಲ" ಎಂದೆ.

"ದೊಡ್ಡಮ್ಮ, ಎಂತ ಉಂಟು ಅದರಲ್ಲಿ? ಕೂತ್ಕೊಳ್ಳುದು, ಕರೆದರೆ ಎದ್ದು ಓದುದು, ಪುನಃ ಕೂತ್ಕೊಳ್ಳುದು. ಮೂವತ್ತಮೂರು ವರ್ಷ ಕ್ಲಾಸ್ ಮಾಡಿದ್ದೀರಿ" ಎಂದಳು ಪ್ರತಿಮಾ. "ಅಫೀಶಿಯಲ್ ಆಗಿ ಹೆಸರು ಚೇಂಜ್ ಮಾಡ್ಲಿಕ್ಕೆ ನಾನು ಈಗಲೇ ಮೇಲ್ ಮಾಡ್ತೇನೆ."

"ಓದುದು ಮಾತ್ರ ಅಲ್ವಾ?"

"ಓದುದು ಮಾತ್ರ."

ಇದನ್ನು ಅವಳು ಎರಡು ಸಲ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಆದ್ದರಿಂದ ಮುಂದೆ ನಡೆದದ್ದಕ್ಕೆ ಗೊತ್ತಿರಲಿಲ್ಲ ಎನ್ನುವ ನೆಪ ನನಗಿಲ್ಲ.

ಆ ಮುಕ್ಕಾಲು ಗಂಟೆ

ಉಡುಪಿ ಕೈಮಗ್ಗದ ಹಸಿರು ಸೀರೆ ಉಟ್ಟುಕೊಂಡು, ಅದರ ಮೇಲೆ ಸ್ವೆಟರ್ ಹಾಕಬೇಡಿ ಎಂಬ ಪ್ರತಿಮಾಳ ಮಾತಿಗೆ ತಲೆಬಾಗಿ, ನಡುಗುತ್ತಾ ಸಭಾಂಗಣಕ್ಕೆ ಹೋದೆ. ಬೆಳ್ಳಿಯ ದಂಡ ಹಿಡಿದ ಹೆಂಗಸೊಬ್ಬಳು ಮುಂದೆ, ಕಪ್ಪು ನಿಲುವಂಗಿ, ಚೌಕದ ಟೋಪಿ ಹಾಕಿದ ಪ್ರೊಫೆಸರುಗಳು ಹಿಂದೆ. ಸಭೆಯೆಲ್ಲ ಎದ್ದು ನಿಂತಿತು. ಪ್ರಶ್ನೋತ್ತರಕ್ಕೆ ಮುಕ್ಕಾಲು ಗಂಟೆ, ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಗಡಿಯಾರವನ್ನು ಇಷ್ಟು ನಂಬುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಕ್ಕದಲ್ಲಿ ಸಣ್ಣ ಕ್ಯಾಮೆರಾ ಇತ್ತು. ಅದರ ಆಚೆ ತುದಿಯಲ್ಲಿ, ಲುಜಾನ್ ದ್ವೀಪದ ಒಂದು ಹಳ್ಳಿಯಲ್ಲಿ, ಲಿಗಾಯಾಳ ಅಪ್ಪ ಊಟ ಮುಗಿಸಿ ಕುಳಿತಿದ್ದರು.

ವರದಿಯಲ್ಲಿ ಆಕ್ಷೇಪ ಬರೆದಿದ್ದವರು ಬೆಳ್ಳಿ ಕೂದಲಿನ ಎತ್ತರದ ಪ್ರೊಫೆಸರು. ಅವರ ಸರದಿ ಕೊನೆಯದು. ನೇರವಾಗಿ ನಾಲ್ಕನೆಯ ಅಧ್ಯಾಯಕ್ಕೆ ಹೋದರು.

"ಇಲ್ಲಿ ನಿಮ್ಮ ಆಧಾರ ನಿಮ್ಮ ತಂದೆ. ಅಳತೆ ಮಾಡಿದ್ದೂ ಅವರು ಹತ್ತುವ ಮರಗಳಲ್ಲೇ. ಬೇರೆ ಯಾರಾದರೂ ಹೀಗೆ ಮಾಡುತ್ತಾರೆಂದು ನಮಗೆ ಹೇಗೆ ಗೊತ್ತಾಗಬೇಕು?"

ಡಚ್ಚರು ಮಾತಿಗೆ ಸಕ್ಕರೆ ಸವರುವುದಿಲ್ಲ. ಲಿಗಾಯಾ ಅಂಕಿಅಂಶ ಹೇಳಿದಳು, ನಕ್ಷೆ ತೋರಿಸಿದಳು. ಆದರೆ ಅವಳ ದನಿ ಪ್ರತಿ ವಾಕ್ಯಕ್ಕೂ ಸಣ್ಣದಾಗುತ್ತಾ ಹೋಯಿತು. ಕೊನೆಗೆ "ನಮ್ಮ ಕಡೆ ಹೀಗೇ ಮಾಡ್ತಾರೆ" ಎಂದು ನಿಲ್ಲಿಸಿದಳು. ಅದು ಉತ್ತರವಲ್ಲ ಎಂದು ಅವಳಿಗೂ ಗೊತ್ತಿತ್ತು. ಪ್ರೊಫೆಸರು ತಲೆಯಾಡಿಸಿ ಏನೋ ಗುರುತು ಹಾಕಿಕೊಂಡರು. ಅವಳ ಕಣ್ಣು ಒಮ್ಮೆ ಕ್ಯಾಮೆರಾದ ಕಡೆ ಹೋಗಿ ಬಂತು.

"ಸರಿ. ನಿಮ್ಮ ಒಂಬತ್ತನೆಯ ವಾದಕ್ಕೆ ಬರೋಣ. ಪ್ಯಾರಾನಿಂಫ್ ಓದಲಿ."

ನಾನು ಎದ್ದೆ. ಹಾಳೆ ಕೈಯಲ್ಲಿತ್ತು. ಒಂಬತ್ತನೆಯದನ್ನು 'ಸ್ಪೇನಿನ ಆಡಳಿತ ಫಿಲಿಪ್ಪೀನ್ಸಿನಲ್ಲಿ ತೆಂಗು ನೆಡಿಸಿತು. ಆದರೆ ತೆಂಗಿನ ವಿದ್ಯೆ ನೆಡಿಸಿದವರದಲ್ಲ, ನೆಟ್ಟವರದು' ಎಂದು ಸ್ಪಷ್ಟವಾಗಿ ಓದಿದೆ. ಅಲ್ಲಿಗೆ ಕೂರಬೇಕಿತ್ತು.

ನಮ್ಮ ಊರಿನವರಿಗೆ ಒಂದು ರೋಗವಿದೆ. ತಾಳಮದ್ದಳೆ ಕೇಳಿ ಬೆಳೆದವರು ನಾವು. ಭಾಗವತರ ಪದ್ಯ ಮುಗಿದ ಬೆನ್ನಿಗೇ ಅರ್ಥ ಶುರುವಾಗಬೇಕು. ಪದ್ಯ ಓದಿ ಅರ್ಥ ಹೇಳದೆ ಕೂರುವುದೆಂದರೆ ಎಲೆ ಹಾಕಿ ಅನ್ನ ಬಡಿಸದೆ ಎದ್ದ ಹಾಗೆ. ಅದರ ಮೇಲೆ ಮೂವತ್ತಮೂರು ವರ್ಷದ ಮೇಷ್ಟ್ರಗಿರಿ. ಓದಿ ಮುಗಿದದ್ದೇ ತಡ, ನನ್ನ ಬಾಯಿ "ಇದರ ಅರ್ಥ ಏನೆಂದರೆ" ಎಂದು ಇಂಗ್ಲಿಷಿನಲ್ಲಿ ಹೊರಟೇಬಿಟ್ಟಿತು.

"ಇದರ ಅರ್ಥ ಏನೆಂದರೆ, ಆಜ್ಞೆ ಬರೆದವನಿಗೆ ಎಷ್ಟು ಮರ ಎಂದು ಗೊತ್ತಿತ್ತು, ಎಷ್ಟು ಹಗ್ಗ ಎಂದು ಗೊತ್ತಿತ್ತು. ಹೊಂಬಾಳೆಯನ್ನು ಯಾವಾಗ ತಟ್ಟಬೇಕು ಎಂದು ಗೊತ್ತಿರಲಿಲ್ಲ. ಅದು ಮರ ಹತ್ತಿದವರಿಗೆ ಗೊತ್ತು. ನನಗೆ ಹೇಗೆ ಗೊತ್ತು ಎಂದರೆ, ನನ್ನ ಅಪ್ಪ ಕಳ್ಳು ಇಳಿಸುತ್ತಿದ್ದರು. ಭಾರತದಲ್ಲಿ, ಅರಬ್ಬಿ ಸಮುದ್ರದ ದಡದಲ್ಲಿ. ಈ ಹುಡುಗಿಯ ದೇಶವನ್ನು ಅವರು ಭೂಪಟದಲ್ಲೂ ಕಂಡವರಲ್ಲ. ಅವರೂ ಹೊಂಬಾಳೆ ಬಗ್ಗಿಸುವ ಮುಂಚೆ ಒಂದು ವಾರ, ಬೆಳಿಗ್ಗೆ ಸಂಜೆ, ಎಲುಬಿನ ತುಂಡಿನಿಂದ ಹೀಗೆ ತಟ್ಟುತ್ತಿದ್ದರು." ನಾನು ಎದುರಿನ ಮೇಜಿನ ಅಂಚನ್ನು ಬೆರಳಿನ ಗೆಣ್ಣಿನಿಂದ ತಟ್ಟಿದೆ. "ಜೋರಾಗಿ ತಟ್ಟಿದರೆ ಒಳಗಿನ ಹೂವು ಮುರಿಯುತ್ತದೆ. ಅವಸರ ಮಾಡಿದರೆ ನೀರು ಇಳಿಯುವುದಿಲ್ಲ. ಅವರು ಹೇಳುತ್ತಿದ್ದ ಮಾತು ಇದೇ."

"ಮೇಡಂ, ಧನ್ಯವಾದಗಳು" ಎಂದರು ಅಧ್ಯಕ್ಷರು, ಸೌಮ್ಯವಾಗಿಯೇ. "ಪ್ಯಾರಾನಿಂಫ್ ಓದಿದರೆ ಸಾಕು. ಉತ್ತರ ಹೇಳಬೇಕಾದವರು ಅಭ್ಯರ್ಥಿ."

ಸಭೆಯಲ್ಲಿ ಸಣ್ಣ ನಗು ಎದ್ದಿತು. ನಾನು ಕುಳಿತೆ. ಕಿವಿ ಕಾದ ಬಾಣಲೆಯಾಗಿತ್ತು. ಹುಡುಗಿಯ ಅಮೂಲ್ಯವಾದ ನಿಮಿಷಗಳನ್ನು ತಿಂದುಹಾಕಿದೆನಲ್ಲ, ಅವಳ ಮರ್ಯಾದೆ ಕಳೆದೆನಲ್ಲ ಎಂದು ನೆಲ ನೋಡುತ್ತಿದ್ದೆ. ಆ ಕಡೆ ಪ್ರತಿಮಾ ನನ್ನನ್ನೇ ನೋಡುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

ಬೆಳ್ಳಿ ಕೂದಲಿನ ಪ್ರೊಫೆಸರು ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಒಬ್ಬ ಮನುಷ್ಯನ ಅಭ್ಯಾಸ ಎಂದು ನಾನು ಬರೆದಿದ್ದೆ. ಈಗ ಇಬ್ಬರಾದರು, ಅದೂ ಒಬ್ಬರನ್ನೊಬ್ಬರು ಕಾಣದವರು. ಆ ಅಧ್ಯಾಯದ ಮಟ್ಟಿಗೆ ನನ್ನ ಆಕ್ಷೇಪ ಸಡಿಲವಾಯಿತು. ಆದರೆ ಒಂಬತ್ತನೆಯ ವಾದವನ್ನು ಬಿಡುವುದಿಲ್ಲ. ಆಜ್ಞೆಯಿಲ್ಲದೆ ನಿಮ್ಮಲ್ಲಿ ಇಷ್ಟು ತೆಂಗು ಇರುತ್ತಿರಲಿಲ್ಲ. ಹಾಗಿದ್ದರೆ ಸ್ಪೇನಿನವರಿಗೆ ಒಂದು ಧನ್ಯವಾದವಾದರೂ ಬೇಡವೇ?"

ಲಿಗಾಯಾ ತನ್ನ ಟಿಪ್ಪಣಿಯ ಹಾಳೆಗಳನ್ನು ಮಗುಚಿಟ್ಟಳು. ಅವಳ ದನಿ ಈಗ ಅವಳದೇ ಆಗಿತ್ತು.

"ಅತಿ ವಿದ್ವಾಂಸರಾದ ಪ್ರತಿವಾದಿಗಳೇ" ಎಂದು ಶಾಸ್ತ್ರದ ಮಾತಿನಿಂದ ಶುರುಮಾಡಿದಳು. "ಸ್ಪೇನಿನವರ ಹಡಗು ಮನಿಲಾದಿಂದ ಮೆಕ್ಸಿಕೋಗೆ ತೆಂಗನ್ನೂ ಒಯ್ದಿತು. ಅಲ್ಲಿಯೂ ನೆಲ ಅವರದೇ, ಮರವೂ ಅವರದೇ, ಆಜ್ಞೆಯೂ ಅವರದೇ. ಆದರೆ ಆ ಮರದಿಂದ ಒಂದು ತೊಟ್ಟು ಇಳಿಸಲು ಅವರಿಗೆ ಬರಲಿಲ್ಲ. ಬಿಟ್ಟಿ ಕೆಲಸ ತಾಳಲಾರದೆ ಹಡಗಿನಿಂದ ಓಡಿಹೋದ ನಮ್ಮ ನಾವಿಕರು ಅಲ್ಲಿನ ಜನರಿಗೆ ಕಲಿಸಿದರು. ಅಲ್ಲಿನವರು ನಮ್ಮವರ ಪೇಯವನ್ನೇ ಕುಡಿಯತೊಡಗಿ ಸ್ಪೇನಿನ ದ್ರಾಕ್ಷಾರಸ ಕೇಳುವವರಿಲ್ಲದೆ ಹೋದಾಗ ಸ್ಪೇನಿನ ವ್ಯಾಪಾರಿಗಳು ಆ ಪೇಯವನ್ನು ನಿಲ್ಲಿಸಿ ಎಂದು ದೂರು ಕೊಟ್ಟರು. ವಿದ್ಯೆ ಯಾರದ್ದು ಎಂಬುದಕ್ಕೆ ಅವರ ದೂರೇ ನನ್ನ ಸಾಕ್ಷಿ. ಇನ್ನು ಧನ್ಯವಾದ. ನೆಟ್ಟವರಿಗೆ ಯಾರೂ ಹೇಳಿರಲಿಲ್ಲ. ನಾನು ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದ್ದೇನೆ, ಹೆಸರು ಹಾಕಿ."

ಆಗ ಬಾಗಿಲು ತೆರೆಯಿತು. ದಂಡ ಹಿಡಿದ ಹೆಂಗಸು ಒಳಗೆ ಬಂದು ಅದನ್ನು ನೆಲಕ್ಕೆ ಕುಟ್ಟಿ "ಹೋರಾ ಎಸ್ಟ್" ಎಂದಳು. ವೇಳೆಯಾಯಿತು ಎಂದು ಲ್ಯಾಟಿನ್. ಪ್ರೊಫೆಸರು ಕನ್ನಡಕ ಹಾಕಿಕೊಳ್ಳುತ್ತಾ ಇನ್ನೇನೋ ಹೇಳಲು ಬಾಯಿ ತೆರೆದಿದ್ದರು, ಮುಚ್ಚಿದರು. ಅವರು ನಗುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

ಕೈಕುಲುಕುವ ಸಾಲು

ಡಚ್ಚರ ಒಂದು ಪದ್ಧತಿ ನನಗೆ ಬಹಳ ಇಷ್ಟವಾಯಿತು. ಒಬ್ಬರಿಗೆ ಒಳ್ಳೆಯದಾದರೆ ಅವರನ್ನು ಮಾತ್ರವಲ್ಲ, ಅವರ ಕಡೆಯವರೆಲ್ಲರನ್ನೂ ಅಭಿನಂದಿಸುತ್ತಾರೆ. ಲಿಗಾಯಾ ಡಾಕ್ಟರ್ ಆದಳೆಂದು ಕಾಫಿ ಹಿಡಿದ ಜನ ಸಾಲುಗಟ್ಟಿ ಬಂದು ನನ್ನ ಕೈ ಕುಲುಕಿದರು. ಹಡಗಿನಲ್ಲಿ ಸಿಕ್ಕಿಬಿದ್ದ ಅಣ್ಣನ ಪಾಲು, ಊರಿನಲ್ಲಿ ಕುಳಿತ ಅಪ್ಪ ಅಮ್ಮನ ಪಾಲು, ಎಲ್ಲ ನನಗೇ ಬಂತು. ಬೆಳ್ಳಿ ಕೂದಲಿನ ಪ್ರೊಫೆಸರೂ ಬಂದರು. ಲಿಗಾಯಾಳ ಅಪ್ಪನ ಹೆಸರು ಪ್ರಬಂಧದಲ್ಲಿ ಇದ್ದಲ್ಲಿಯೇ ಇರಲಿ ಎಂದು ತಾವು ಹೇಳಿರುವುದಾಗಿ ತಿಳಿಸಿ, ನಾನು ಎಷ್ಟು ವರ್ಷ ಪಾಠ ಮಾಡಿದ್ದೇನೆ ಎಂದು ವಿಚಾರಿಸಿದರು. ಹೇಳಿದೆ. "ಗೊತ್ತಾಗುತ್ತದೆ" ಎಂದರು.

ಜನ ಕಡಿಮೆಯಾದ ಮೇಲೆ ಪ್ರತಿಮಾ ಪಕ್ಕಕ್ಕೆ ಬಂದು ನಿಂತಳು.

"ದೊಡ್ಡಮ್ಮ, ಅಜ್ಜ ತೋಟ ನೋಡಿಕೊಳ್ತಿದ್ರು ಅಂತ ಅಲ್ವಾ ಅಮ್ಮ ಯಾವಾಗ್ಲೂ ಹೇಳುದು?"

"ನೋಡಿಕೊಳ್ತಿದ್ದದ್ದು ಹೌದು. ಮೇಲಿಂದ."

"ನನಗೆ ಯಾಕೆ ಹೇಳ್ಲಿಲ್ಲ ನೀವು?"

"ನಾಚಿಕೆ ಇತ್ತು ಮಾರಾಯ್ತಿ. ಈಗ ಆ ನಾಚಿಕೆಗೇ ನಾಚಿಕೆ ಆಗ್ತದೆ."

ಅವಳು ನನ್ನ ತಣ್ಣಗಿನ ಕೈಗಳನ್ನು ತನ್ನ ಕೋಟಿನ ಜೇಬಿನೊಳಗೆ ಸೇರಿಸಿಕೊಂಡಳು.

ಅಷ್ಟರಲ್ಲಿ ಲಿಗಾಯಾ ಫೋನು ಹಿಡಿದುಕೊಂಡು ಬಂದಳು. ಪರದೆಯಲ್ಲಿ ಒಬ್ಬ ಸಣಕಲು ಮುದುಕರು, ತಲೆಯ ಮೇಲೆ ಬಟ್ಟೆಯ ಟೋಪಿ, ಹಿಂದೆ ಒಂದು ಹಿಂಡು ಮಕ್ಕಳು ಮರಿ. ಅವರು ಏನೋ ಕೇಳಿದರು.

"ನಿಮ್ಮ ಅಪ್ಪ ದಿನಕ್ಕೆ ಎಷ್ಟು ಮರ ನೋಡ್ತಿದ್ರು ಅಂತ ಕೇಳ್ತಿದ್ದಾರೆ ತೀತಾ."

"ಇಪ್ಪತ್ತೆರಡು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ."

ಮುದುಕರು ನಕ್ಕು ಎರಡೂ ಕೈಯ ಬೆರಳುಗಳನ್ನು ಅರಳಿಸಿ, ಮುಚ್ಚಿ, ಮತ್ತೆ ಮತ್ತೆ ಅರಳಿಸಿದರು. ನಲವತ್ತಂತೆ. ಹಿಂದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ನನಗೆ ರೇಗಿತು. ಒಬ್ಬ ಮನುಷ್ಯನಿಗೆ ಅದು ಸಾಧ್ಯವೇ ಇಲ್ಲ, ಹೇಗೆ ಎಂದು ಕೇಳು ಎಂದೆ. ಮರದಿಂದ ಮರಕ್ಕೆ ತುದಿಯಲ್ಲೇ ಬಿದಿರು ಕಟ್ಟಿರುತ್ತಾರಂತೆ. ಒಂದು ಮರ ಹತ್ತಿದರೆ ಸಾಕು, ಆ ಬಿದಿರಿನ ಮೇಲೆ ನಡೆದುಕೊಂಡು ಮುಂದಿನ ಮರಕ್ಕೆ ಹೋಗುತ್ತಾರಂತೆ.

"ಹಾಗಾದರೆ ನಿನ್ನ ಅಪ್ಪನಿಗೆ ಹೇಳು" ಎಂದೆ. "ಅದು ಒಂದು ಮರ ಹತ್ತಿದ ಲೆಕ್ಕ. ನನ್ನ ಅಪ್ಪ ಇಪ್ಪತ್ತೆರಡನ್ನೂ ಹತ್ತಿ, ಇಪ್ಪತ್ತೆರಡನ್ನೂ ಇಳಿಯುತ್ತಿದ್ದರು. ದಿನಕ್ಕೆ ಎರಡು ಸಲ."

ಲಿಗಾಯಾ ಅನುಮಾನಿಸುತ್ತಲೇ ಹೇಳಿದಳು. ಮುದುಕರ ನಗು ನಿಂತಿತು. ಪರದೆಯೇ ನಿಂತುಹೋಯಿತೇನೋ ಎಂದುಕೊಂಡೆ. ಆಮೇಲೆ ಅವರು ಟೋಪಿ ತೆಗೆದು ಎದೆಗೆ ಹಿಡಿದುಕೊಂಡು, ನನ್ನನ್ನೇ ನೋಡುತ್ತಾ ಒಂದು ಸಣ್ಣ ಪ್ರಶ್ನೆ ಕೇಳಿದರು.

"ಹೆಸರು ಕೇಳ್ತಿದ್ದಾರೆ ತೀತಾ. ನಿಮ್ಮ ಅಪ್ಪನ ಹೆಸರು."

"ಐತ ಪೂಜಾರಿ" ಎಂದೆ. "ಕಳ್ಳು ಇಳಿಸುವ ಐತ ಪೂಜಾರಿ ಅಂತ ಹೇಳು."

ಅಪ್ಪನ ಹೆಸರನ್ನು ಕೆಲಸದ ಸಮೇತ ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮುದುಕರು ಅದನ್ನು ತಮ್ಮ ಬಾಯಲ್ಲಿ ಎರಡು ಸಲ ಹೇಳಿ ನೋಡಿದರು. ಎರಡನೆಯ ಸಲ ಸರಿಯಾಗಿ ಬಂತು.